ಬೀಡಿ ಬಿಟ್ಟು ಎಷ್ಟೋ ವರ್ಷ ಆಯ್ತು, ಅಪ್ಪನ ದಮ್ಮು ಯಾಕೆ ಜಾಸ್ತಿ ಆಗ್ತಿದೆ?

ಗದಗಿನ_ಗಾಳಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಮ್ಮ ಊರು ಗದಗ ಹತ್ತಿರ. ಅಪ್ಪ ಹರೆಯದಿಂದಲೂ ಬೀಡಿ ಸೇದಿದವರು. ಮೊಮ್ಮಗ ಹುಟ್ಟಿದ ಮೇಲೆ ಬಿಟ್ಟರು. ಕದ್ದುಮುಚ್ಚಿ ಸೇದುವ ಜಾತಿಯವರಲ್ಲ, ಬಿಟ್ಟರು ಅಂದರೆ ಬಿಟ್ಟರು. ಆ ಮೊಮ್ಮಗ ಈಗ ಹೈಸ್ಕೂಲಿಗೆ ಹೋಗುತ್ತಾನೆ. ಆದರೆ ಅಪ್ಪನ ದಮ್ಮು ಕಡಿಮೆ ಆಗುವ ಬದಲು ಜಾಸ್ತಿ ಆಗಿದೆ. ಬಚ್ಚಲದಿಂದ ಪಡಸಾಲೆಗೆ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ. ತುಟಿ ಸಣ್ಣಗೆ ಮಾಡಿ ಉಫ್ ಉಫ್ ಅಂತ ಗಾಳಿ ಬಿಡುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ, ತಾವಾಗಿಯೇ ಹಾಗೆ ಮಾಡುತ್ತಾರೆ.

ಹುಬ್ಬಳ್ಳಿಯಲ್ಲಿ ತೋರಿಸಿದೆವು. ಊದುವ ಟೆಸ್ಟ್ ಮಾಡಿಸಿ ಸಿಒಪಿಡಿ, ಅಂದರೆ ಉಸಿರಿನ ನಾಳ ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಅಂದರು. "ಹೊಗೆ ನಿಂತಿದೆ, ಒಳಗಿನ ಉರಿಯೂತ ನಿಂತಿಲ್ಲ" ಅಂತ ಡಾಕ್ಟರ್ ಹೇಳಿದರು. ಹೊರಗೆ ಪಾಳಿ ದೊಡ್ಡದಿತ್ತು, ಜಾಸ್ತಿ ಕೇಳಲು ಆಗಲಿಲ್ಲ.

ಹೊಗೆಯೇ ಇಲ್ಲದಾಗ ಉರಿಯೂತ ಯಾಕೆ ಇರಬೇಕು? ಇನ್ನೊಂದು, ಉರಿಯೂತ ಅಂದಮೇಲೆ ಅವ್ವನ ಮೊಣಕಾಲಿಗೆ ಕೊಡುವ ಬಾವಿನ ಗುಳಿಗೆಯನ್ನೇ ಇವರಿಗೂ ಕೊಟ್ಟರೆ ಆಗಲ್ವಾ? ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪ್ (ಇನ್‌ಹೇಲರ್) ಅಂದರೆ ಅಪ್ಪನಿಗೆ ಸಿಟ್ಟು.

ಧಾರವಾಡ_ಪೇಡೆ

ಪಂಪ್ ಒಮ್ಮೆ ಶುರು ಮಾಡಿದರೆ ಸಾಯೋವರೆಗೂ ಬಿಡಲ್ಲ ಅಂತಾರೆ. ನಮ್ಮ ಕಾಕಾ ಅದಕ್ಕೇ ಮುಟ್ಟಲಿಲ್ಲ.

ಔಷಧಿ_ಅಂಗಡಿ_ಹಾವೇರಿ

@ಧಾರವಾಡ_ಪೇಡೆ ಬಿಪಿ ಗುಳಿಗೆಯನ್ನೂ ಸಾಯೋವರೆಗೂ ಬಿಡಲ್ಲ. ಅದಕ್ಕೆ ಯಾರೂ ಚಟ ಅನ್ನಲ್ಲ. ಪಂಪ್ ಮಾತ್ರ ಏನು ಪಾಪ ಮಾಡಿದೆ?

ಧಾರವಾಡ_ಪೇಡೆ

ನೀವು ಮಾರೋರು, ನೀವು ಹಾಗೇ ಹೇಳ್ತೀರಿ ಬಿಡ್ರಿ.

ವಾರ್ಡಿನಲ್ಲೇ_ವಾಸ

ನಾನು ಎದೆರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ನೈಟ್ ಡ್ಯೂಟಿ ಇದೆ, ಮಧ್ಯೆ ಮಧ್ಯೆ ಮಾಯವಾದರೆ ಕ್ಷಮಿಸಿ. ಮೊದಲ ಪ್ರಶ್ನೆ ತುಂಬಾ ಒಳ್ಳೆಯದು, ಅದನ್ನೇ ಮೊದಲು ತಗೋತೀನಿ.

ಬೀಡಿ ಹೊಗೆ ಒಳಗೆ ಹೋದಾಗ ಶ್ವಾಸನಾಳದ ಒಳಪದರ ಕೆರಳುತ್ತದೆ. ಅಲ್ಲೇ ಇರುವ ಮ್ಯಾಕ್ರೋಫೇಜ್ ಅನ್ನೋ ಕಾವಲು ಕಣಗಳೂ ಕೆರಳುತ್ತವೆ. ಇವೆರಡೂ ಸೇರಿ ರಕ್ತಕ್ಕೆ ರಾಸಾಯನಿಕ ಸಂದೇಶ ಕಳಿಸುತ್ತವೆ. ಇಂಟರ್‌ಲ್ಯೂಕಿನ್ 8 ಅನ್ನೋದು ಅದರಲ್ಲಿ ಮುಖ್ಯ. ಆ ಕರೆಗೆ ಓಡಿಬರುವವು ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು. ಅವುಗಳ ಕೆಲಸ ರೋಗಾಣು ಕೊಲ್ಲೋದು. ಇಲ್ಲಿ ಕೊಲ್ಲಲು ರೋಗಾಣು ಇಲ್ಲ, ಹೊಗೆ ಇದೆ. ಆದರೂ ತಮ್ಮ ಅಸ್ತ್ರ ಎಲ್ಲ ಸುರಿದುಬಿಡುತ್ತವೆ. ಆ ಅಸ್ತ್ರದಲ್ಲಿ ಎಲಾಸ್ಟೇಸ್ ಅನ್ನೋ ಕಿಣ್ವ ಇದೆ. ಅದು ಶ್ವಾಸಕೋಶದ ಎಲಾಸ್ಟಿನ್ ನಾರನ್ನೇ ಕತ್ತರಿಸುತ್ತದೆ. ಮ್ಯಾಕ್ರೋಫೇಜ್‌ಗಳು ಬಿಡುವ ಬೇರೆ ಕಿಣ್ವಗಳೂ ಅದೇ ಕೆಲಸ ಮಾಡುತ್ತವೆ.

ಈ ನಾರು ಹೋದರೆ ಏನಾಗುತ್ತದೆ ಅಂದರೆ, ಜಾತ್ರೆಯಲ್ಲಿ ಡೇರೆ ಹಾಕ್ತಾರಲ್ಲ, ಸುತ್ತ ಹಗ್ಗ ಬಿಗಿದಿರೋದಕ್ಕೆ ಅದು ನಿಂತಿರುತ್ತದೆ. ಹಗ್ಗ ಕಡಿದರೆ ಬಟ್ಟೆ ಒಳಗೆ ಕುಸಿಯುತ್ತದೆ. ಶ್ವಾಸಕೋಶದ ಸಣ್ಣ ಸಣ್ಣ ನಾಳಗಳೂ ಸುತ್ತಲಿನ ನಾರಿನ ಎಳೆತದಿಂದಲೇ ತೆರೆದಿರುತ್ತವೆ. ಎಳೆತ ಹೋಯಿತು ಅಂದರೆ ಉಸಿರು ಬಿಡುವಾಗ ಮುಚ್ಚಿಕೊಳ್ಳುತ್ತವೆ. ಗಾಳಿ ಒಳಗೇ ಉಳಿಯುತ್ತದೆ. ಅದರ ಮೇಲೆ ಇನ್ನೊಂದು ಉಸಿರು ತಗೋಬೇಕು, ಜಾಗ ಎಲ್ಲಿದೆ? ಅದೇ ದಮ್ಮು. ನಿಮ್ಮ ತಂದೆ ತುಟಿ ಸಣ್ಣ ಮಾಡಿ ಊದೋದು ಇದಕ್ಕೇ. ಹಾಗೆ ಊದಿದಾಗ ಒಳಗೆ ಒತ್ತಡ ಸ್ವಲ್ಪ ಉಳಿದು ನಾಳಗಳು ಬೇಗ ಮುಚ್ಚಲ್ಲ. ನಾವು ಫಿಸಿಯೋಥೆರಪಿಯಲ್ಲಿ ಕಲಿಸುವುದನ್ನು ಅವರ ದೇಹವೇ ಕಂಡುಕೊಂಡಿದೆ.

ಇನ್ನು ಬಿಟ್ಟಮೇಲೂ ಯಾಕೆ ನಿಲ್ಲಲ್ಲ ಅಂತ... ಕರೆ ಬಂತು. ಆಮೇಲೆ.

ಚಿಗರಿ_ಬಸ್

ಸೀರಿಯಲ್‌ ತರಹ ಸರಿಯಾದ ಜಾಗದಲ್ಲಿ ನಿಲ್ಲಿಸಿ ಹೋದರಲ್ಲ ಡಾಕ್ಟ್ರೇ 😀

ಕಪ್ಪತಗುಡ್ಡ_ಪ್ರೇಮಿ

ಇಷ್ಟೆಲ್ಲ ಇಂಗ್ಲಿಷ್ ಹೆಸರು ಬೇಕಾಗಿಲ್ಲ. ಕಫ ಕೆಟ್ಟಿದೆ, ಅಷ್ಟೇ. ಗದಗ ಜಿಲ್ಲೆಯಲ್ಲೇ ಔಷಧಿ ಗಿಡಗಳ ಕಪ್ಪತಗುಡ್ಡ ಇಟ್ಟುಕೊಂಡು ಹುಬ್ಬಳ್ಳಿಗೆ ಯಾಕೆ ಓಡಬೇಕು? ಆಡುಸೋಗೆ ಎಲೆ ಬಾಡಿಸಿ ರಸ ತೆಗೆದು ಜೇನಿನ ಜೊತೆ ಕೊಡಿ. ನಮ್ಮ ಅಜ್ಜಿ ಊರಿಗೆಲ್ಲ ಕೊಡುತ್ತಿದ್ದರು.

ಔಷಧಿ_ಅಂಗಡಿ_ಹಾವೇರಿ

@ಕಪ್ಪತಗುಡ್ಡ_ಪ್ರೇಮಿ ಆಡುಸೋಗೆ ಸುಮ್ನೆ ಎಲೆ ಅಲ್ಲ, ಒಪ್ಪುತ್ತೇನೆ. ನಾನು ಮಾರುವ ಕೆಮ್ಮಿನ ಸಿರಪ್‌ಗಳಲ್ಲಿ ಬ್ರೋಮ್‌ಹೆಕ್ಸಿನ್ ಇರುತ್ತದಲ್ಲ, ಅದನ್ನು ಮಾಡಿದ್ದೇ ಆಡುಸೋಗೆಯ ವಾಸಿಸಿನ್ ಅನ್ನೋ ಅಂಶವನ್ನು ಆಧಾರವಾಗಿಟ್ಟುಕೊಂಡು. ಆದರೆ ಅದು ಕಫ ತೆಳ್ಳಗೆ ಮಾಡುತ್ತದೆ. ಕಡಿದುಹೋದ ನಾರನ್ನು ಜೋಡಿಸಲ್ಲ. ಎರಡೂ ಬೇರೆ ಬೇರೆ ಮಾತು.

ಕೊಡಿಒಲೆ

ಎಲ್ಲರೂ ಬೀಡಿ ಬೀಡಿ ಅಂತಿದ್ದೀರಿ. ನನ್ನ ಅತ್ತೆ ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಅವರಿಗೂ ಇದೇ ಕಾಯಿಲೆ.

ನವಲಗುಂದ ಕಡೆ ಹಳ್ಳಿ. ಅಡುಗೆಮನೆಗೆ ಒಂದೇ ಬೆಳಕಿಂಡಿ, ಅದಕ್ಕೂ ಮಳೆಗಾಲದಲ್ಲಿ ಗೋಣಿ ಚೀಲ ತುರುಕಿರುತ್ತಿತ್ತು. ಒಲೆಗೆ ಹತ್ತಿಕಟ್ಟಿಗೆ, ಕುಳ್ಳು. ಹಸಿ ಇದ್ದರೆ ಮುಗಿದೇ ಹೋಯ್ತು. ಅತ್ತೆ ಊದುಗೊಳವೆ ಬಾಯಿಗಿಟ್ಟು ಕಣ್ಣು ಮುಚ್ಚಿ ಊದುತ್ತಿದ್ದರು. ಊದಿ ಮುಗಿಸಿ ಉಸಿರು ಒಳಗೆ ಎಳೆದುಕೊಳ್ಳುವಾಗ ಆ ಹೊಗೆಯನ್ನೇ ಎಳೆದುಕೊಳ್ಳುತ್ತಿದ್ದರು. ಬೆಳಗ್ಗೆ ಅಷ್ಟು ಜನರ ರೊಟ್ಟಿ, ಸಂಜೆ ಮತ್ತೆ ಅಷ್ಟೇ ಜನರ ರೊಟ್ಟಿ. ಗೋಡೆ ಮೇಲಿನ ಮಸಿ ಉಗುರಿನಿಂದ ಕೆರೆದರೆ ಸಿಪ್ಪೆ ಹಾಗೆ ಬರುತ್ತಿತ್ತು.

ಅವರಿಗೆ ಕೆಮ್ಮು ಬಂದಾಗ ಎಲ್ಲರೂ ಅಸ್ತಮಾ ಅಂದರು. ಒಂದು ದವಾಖಾನೆಯಲ್ಲಿ ವರ್ಷಗಟ್ಟಲೆ ಅಸ್ತಮಾ ಅಂತಲೇ ಗುಳಿಗೆ ಕೊಟ್ಟರು. ಹೆಂಗಸು, ಬೀಡಿ ಸೇದಲ್ಲ, ಅಂದಮೇಲೆ ಸಿಒಪಿಡಿ ಹೇಗೆ ಬರುತ್ತೆ ಅಂತ ಅವರ ಲೆಕ್ಕ. ಊದುವ ಟೆಸ್ಟ್ ಮಾಡಿಸಿ ಅಂತ ಯಾರೂ ಹೇಳಲಿಲ್ಲ.

ರಾಣೆಬೆನ್ನೂರಕ್ಕ

ನಮ್ಮ ಮನೆಯಲ್ಲೂ ಇದೇ ಕಥೆ ತಂಗಿ. ಗ್ಯಾಸ್ ಬಂದಿದೆ. ಆದರೆ ರೊಟ್ಟಿ ಮಾತ್ರ ಒಲೆ ಮೇಲೇ ಆಗಬೇಕು, ಗ್ಯಾಸಿನ ರೊಟ್ಟಿಗೆ ರುಚಿ ಇಲ್ಲ ಅಂತ ಗಂಡಸರ ಹಟ.

ಧಾರವಾಡ_ಪೇಡೆ

ಗ್ಯಾಸಿನ ರೊಟ್ಟಿ ರುಚಿ ಇರಲ್ಲ ಅನ್ನೋದು ನಿಜಾನೇ ಅಲ್ವಾ ಅಕ್ಕಾ.

ರಾಣೆಬೆನ್ನೂರಕ್ಕ

ಹಾಗಾದರೆ ನೀವೇ ಒಲೆ ಮುಂದೆ ಕೂತು ಬಡಿಯಿರಿ ತಮ್ಮಾ. ನಾವು ಪಡಸಾಲೆಯಲ್ಲಿ ಕೂತು ರುಚಿ ನೋಡ್ತೀವಿ.

ಚಿಗರಿ_ಬಸ್

👏👏👏

ವಾರ್ಡಿನಲ್ಲೇ_ವಾಸ

ಬಂದೆ. @ಕೊಡಿಒಲೆ ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಶ್ರೀಮಂತ ದೇಶಗಳಲ್ಲಿ ಸಿಒಪಿಡಿಯ ಶೇ. 70ಕ್ಕಿಂತ ಹೆಚ್ಚು ಪಾಲಿಗೆ ತಂಬಾಕು ಸೇದುವುದೇ ಕಾರಣ. ನಮ್ಮಂಥ ದೇಶಗಳಲ್ಲಿ ಆ ಪಾಲು ಶೇ. 30-40 ಅಷ್ಟೇ. ಉಳಿದದ್ದು ಒಲೆ ಹೊಗೆ, ಕೆಲಸದ ಜಾಗದ ಧೂಳು, ಹಳೇ ಟಿಬಿ ಬಿಟ್ಟುಹೋದ ಗಾಯ, ಚಿಕ್ಕಂದಿನಲ್ಲಿ ಸರಿಯಾಗಿ ಬೆಳೆಯದ ಶ್ವಾಸಕೋಶ, ಹೀಗೆ.

ಒಲೆ ಹೊಗೆಯಿಂದ ಬಂದವರಲ್ಲಿ ಗಾಳಿಗೂಡು (ಶ್ವಾಸಕೋಶದ ತುದಿಯ ಪುಟ್ಟ ಗಾಳಿ ಚೀಲ) ಒಡೆಯುವುದು ಕಡಿಮೆ. ಸಣ್ಣ ನಾಳಗಳ ಗೋಡೆ ದಪ್ಪವಾಗಿ ಕಲೆಗಟ್ಟುವುದು ಜಾಸ್ತಿ. ಎಕ್ಸ್‌ರೇಯಲ್ಲಿ ಅಷ್ಟು ಕಾಣಲ್ಲ. ಹಾಗಾಗಿ ತಪ್ಪಿಹೋಗುತ್ತದೆ. ಊದುವ ಟೆಸ್ಟ್, ಅಂದರೆ ಸ್ಪೈರೋಮೆಟ್ರಿ, ಆಗಲೇಬೇಕು. ಪಂಪ್ ಕೊಟ್ಟ ಮೇಲೆ ಊದಿಸಿ ನೋಡ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಿದಾಗ 0.7ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಅಂತ ಅರ್ಥ.

ಈಗ ಬಾಕಿ ಇದ್ದ ಮಾತು. ಹೊಗೆ ನಿಂತರೂ ಉರಿಯೂತ ಯಾಕೆ ಇರುತ್ತದೆ? ಬೀಡಿ ಬಿಟ್ಟವರ ಶ್ವಾಸನಾಳದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ವರ್ಷಗಳ ನಂತರವೂ ಅದೇ ಕಣಗಳು ಅಲ್ಲೇ ಇರುತ್ತವೆ. ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್, ಜೊತೆಗೆ ಸಿಡಿ8 ಅನ್ನೋ ಲಿಂಫೋಸೈಟ್‌ಗಳು (ಇವೂ ಬಿಳಿ ರಕ್ತಕಣಗಳೇ). ಕಾರಣ ಒಂದಲ್ಲ. ಕತ್ತರಿಸಿ ಬಿದ್ದ ಎಲಾಸ್ಟಿನ್ ಚೂರುಗಳೇ ಮತ್ತೆ ಕಣಗಳನ್ನು ಕರೆಯುತ್ತವೆ. ಬಂದ ಕಣ ಮತ್ತಷ್ಟು ಕತ್ತರಿಸುತ್ತದೆ. ಇನ್ನೊಂದು ಕಡೆ, ನಾಳದ ಒಳಗೆ ಕಸ ಮೇಲಕ್ಕೆ ತಳ್ಳುವ ಸಣ್ಣ ರೋಮಗಳು ಇರುತ್ತವೆ. ಅವು ಸತ್ತುಹೋಗಿರುತ್ತವೆ. ಲೋಳೆ ಮಾಡುವ ಕಣ ಜಾಸ್ತಿಯಾಗಿರುತ್ತವೆ. ಲೋಳೆ ನಿಂತ ಕಡೆ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತದೆ. ಅದನ್ನು ಓಡಿಸಲು ಮತ್ತೆ ನ್ಯೂಟ್ರೋಫಿಲ್ ಬರಬೇಕು.

ಹೊಗೆ ಶುರು ಮಾಡಿದ್ದನ್ನು ದೇಹ ತಾನೇ ಮುಂದುವರಿಸುತ್ತದೆ.

ಗದಗಿನ_ಗಾಳಿ

ಹಾಗಾದರೆ ಬಿಟ್ಟು ಏನು ಉಪಯೋಗ ಆಯ್ತು ಡಾಕ್ಟ್ರೇ? ಈ ಮಾತು ಅಪ್ಪನಿಗೆ ಹೇಳಿದರೆ ನಾಳೆಯೇ ಬೀಡಿ ಕಟ್ಟು ತರಿಸ್ತಾರೆ.

ವಾರ್ಡಿನಲ್ಲೇ_ವಾಸ

ಅಯ್ಯೋ, ಹಾಗೆ ಹೇಳಬೇಡಿ! ವಯಸ್ಸಾದಂತೆ ಆರೋಗ್ಯವಂತರಲ್ಲೂ ಆ ಮೊದಲ ಸೆಕೆಂಡಿನ ಗಾಳಿ ವರ್ಷಕ್ಕೆ ಸುಮಾರು 25-30 ಮಿಲಿ ಕಡಿಮೆ ಆಗುತ್ತಾ ಹೋಗುತ್ತದೆ. ಹೊಗೆ ಒಗ್ಗದವರು ಸೇದುತ್ತಾ ಇದ್ದರೆ ಅದು ಎಷ್ಟೋ ಪಟ್ಟು ಜೋರಾಗಿ ಇಳಿಯುತ್ತದೆ. ಬಿಟ್ಟಮೇಲೆ ಇಳಿತದ ವೇಗ ಉಳಿದವರ ಮಟ್ಟಕ್ಕೆ ಬರುತ್ತದೆ. ಇದನ್ನು ಲಂಡನ್ನಿನಲ್ಲಿ ಫ್ಲೆಚರ್ ಮತ್ತು ಪೀಟೋ 1977ರಲ್ಲೇ ತೋರಿಸಿದ್ದಾರೆ. ಹೋದದ್ದು ವಾಪಸ್ ಬರಲ್ಲ, ಉಳಿದದ್ದು ಉಳಿಯುತ್ತದೆ. ನಿಮ್ಮ ತಂದೆ ಬಿಡದೇ ಇದ್ದಿದ್ದರೆ ಬಚ್ಚಲದವರೆಗೆ ನಡೆಯೋದೇ ಕಷ್ಟ ಆಗಿರೋದು.

ಬ್ಯಾಡಗಿ_ಕೆಂಪು

ನಾನು ಮೆಣಸಿನಕಾಯಿ ದಲಾಲ. ನಮ್ಮ ಮಾರ್ಕೆಟ್ಟಿಗೆ ಸೋಮವಾರ, ಗುರುವಾರ ಬಂದು ನೋಡಿ, ಹತ್ತು ನಿಮಿಷದಲ್ಲಿ ಕೆಮ್ಮದೇ ಇರುವವರನ್ನು ತೋರಿಸಿ. ಚೀಲ ಸುರಿದಾಗ ಏಳುವ ಧೂಳು ಸಂಜೆಯವರೆಗೆ ಕೂರಲ್ಲ. ತೊಟ್ಟು ಬಿಡಿಸುವ ಹೆಂಗಸರು ಸೆರಗು ಮೂಗಿಗೆ ಸುತ್ತಿಕೊಂಡು ರಾಶಿ ಮಧ್ಯೆಯೇ ಕೂತಿರುತ್ತಾರೆ. ಹಾಗಾದರೆ ನಮಗೆಲ್ಲ ಸಿಒಪಿಡಿ ಗ್ಯಾರಂಟಿನಾ?

ಚಿಗರಿ_ಬಸ್

ಈ ಸಲ ರೇಟ್ ಹೇಗಿದೆ ಸಾಹುಕಾರ್ರೇ? ಡಬ್ಬಿ ಕಾಯಿ ಎಷ್ಟು, ಕಡ್ಡಿ ಕಾಯಿ ಎಷ್ಟು?

ಬ್ಯಾಡಗಿ_ಕೆಂಪು

ರೇಟಿನ ಮಾತು ಕೇಳಿದರೆ ನನಗೇ ದಮ್ಮು ಹತ್ತುತ್ತದೆ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬೈತೀನಿ.

ವಾರ್ಡಿನಲ್ಲೇ_ವಾಸ

@ಬ್ಯಾಡಗಿ_ಕೆಂಪು ಗ್ಯಾರಂಟಿ ಏನಿಲ್ಲ. ಮೆಣಸಿನಕಾಯಿ ಘಾಟಿಗೆ ಬರುವ ಕೆಮ್ಮು ಬೇರೆ. ಖಾರದ ಅಂಶ ಕ್ಯಾಪ್ಸೈಸಿನ್ ನೇರವಾಗಿ ನರದ ತುದಿಯನ್ನು ಚುಚ್ಚುತ್ತದೆ, ಕೆಮ್ಮು ಬರುತ್ತದೆ. ಹೊರಗೆ ಬಂದರೆ ಹೋಗುತ್ತದೆ. ಅದಕ್ಕೂ ಮೇಲೆ ನಿಮ್ಮ ಬ್ಯಾಡಗಿ ಬಣ್ಣಕ್ಕೆ ಹೆಸರುವಾಸಿ, ಖಾರಕ್ಕಲ್ಲ. ನನಗೆ ಚಿಂತೆ ಇರುವುದು ಖಾರದ ಬಗ್ಗೆ ಅಲ್ಲ, ಧೂಳಿನ ಬಗ್ಗೆ. ಒಣ ಕಾಯಿ ಜೊತೆ ಮಣ್ಣು, ಬೂಸ್ಟು, ತೊಟ್ಟಿನ ಪುಡಿ ಎಲ್ಲ ಇರುತ್ತದೆ. ವರ್ಷಾನುಗಟ್ಟಲೆ ಅದನ್ನೇ ಉಸಿರಾಡಿದರೆ ನಾಳ ಕೆರಳುತ್ತದೆ. ಕೆಮ್ಮು, ಕಫ ರಜೆ ದಿನವೂ ಬಿಡದೇ ಇದ್ದರೆ, ಮೆಟ್ಟಿಲು ಹತ್ತುವಾಗ ಜೊತೆಯವರಿಗಿಂತ ಹಿಂದೆ ಬಿದ್ದರೆ, ಟೆಸ್ಟ್ ಮಾಡಿಸಿ. ಸೆರಗು ಧೂಳು ತಡೆಯಲ್ಲ. ಎನ್95 ಮಾಸ್ಕ್ ಬೇಕು.

ಬ್ಯಾಡಗಿ_ಕೆಂಪು

ಮಾಸ್ಕ್ ಕೊಟ್ಟರೆ ಒಂದು ತಾಸು ಹಾಕ್ತಾರೆ. ಆಮೇಲೆ ಸೆಖೆ ಅಂತ ಕುತ್ತಿಗೆಗೆ ಇಳಿಸ್ತಾರೆ. ಅದೂ ಸುಳ್ಳಲ್ಲ, ತಗಡಿನ ಕೆಳಗೆ ಕೂತು ನೋಡಿ ಗೊತ್ತಾಗುತ್ತೆ.

ಜಿನ್ನಿಂಗ್_ಮಾಸ್ತರ

ನಾನು ಹತ್ತಿ ಜಿನ್ನಿಂಗ್‌ನಲ್ಲಿ (ಹತ್ತಿಯಿಂದ ಬೀಜ ಬೇರೆ ಮಾಡುವ ಕಡೆ) ಬಹಳ ವರ್ಷ ಲೆಕ್ಕ ಬರೆದವನು. ಒಂದು ವಿಚಿತ್ರ ಹೇಳ್ತೀನಿ. ನಮ್ಮಲ್ಲಿ ಕೆಲವು ಹಮಾಲರಿಗೆ ರಜೆ ಮುಗಿಸಿ ಬಂದ ದಿನವೇ ಎದೆ ಬಿಗಿಯುತ್ತಿತ್ತು. ವಾರದ ಕೊನೆಗೆ ಹಗುರ ಆಗುತ್ತಿತ್ತು. ಧೂಳು ಅದೇ, ಮಷೀನ್ ಅದೇ. ಸೋಮಾರಿತನ ಅಂತ ಮುಕಾದಮ ಬೈಯುತ್ತಿದ್ದ.

ವಾರ್ಡಿನಲ್ಲೇ_ವಾಸ

ಮಾಸ್ತರೇ, ಅದು ಸೋಮಾರಿತನ ಅಲ್ಲ. ಪುಸ್ತಕದಲ್ಲಿರೋ ಕಾಯಿಲೆ! ಬಿಸಿನೋಸಿಸ್ ಅಂತ. ಹತ್ತಿ ಧೂಳಿನಲ್ಲಿ ಬ್ಯಾಕ್ಟೀರಿಯಾದ ಹೊರಕವಚದ ಎಂಡೋಟಾಕ್ಸಿನ್ ಅನ್ನೋ ವಿಷ ಇರುತ್ತದೆ. ರಜೆ ಮುಗಿಸಿ ಬಂದ ಮೊದಲ ದಿನ ನಾಳಗಳು ಅದಕ್ಕೆ ಜೋರಾಗಿ ಕೆರಳುತ್ತವೆ, ಆಮೇಲೆ ಸ್ವಲ್ಪ ಒಗ್ಗಿಕೊಳ್ಳುತ್ತವೆ. ಒಗ್ಗಿತು ಅಂತ ಸುಮ್ನೆ ಬಿಟ್ಟರೆ ನಿಧಾನವಾಗಿ ಶಾಶ್ವತ ದಮ್ಮಿಗೆ ಹೋಗುತ್ತದೆ. ಜಿನ್ನಿಂಗ್‌ಗಿಂತ ನೂಲು ಮಿಲ್ಲಿನ ಶುರುವಿನ ವಿಭಾಗಗಳಲ್ಲಿ ಇದು ಜಾಸ್ತಿ.

ಜಿನ್ನಿಂಗ್_ಮಾಸ್ತರ

ಆ ಮುಕಾದಮ ಈಗಿಲ್ಲ. ಇದ್ದಿದ್ದರೆ ಇದನ್ನು ಓದಿ ಹೇಳುತ್ತಿದ್ದೆ.

ಚಿಗರಿ_ಬಸ್

ಹುಬ್ಬಳ್ಳಿ-ಧಾರವಾಡ ರಸ್ತೆ ಅಗೆದು ಅಗೆದು ಬಿಆರ್‌ಟಿಎಸ್ (ಬಸ್ಸಿಗೇ ಮೀಸಲು ದಾರಿ) ಮಾಡಿದಾಗ ನಾವು ತಿಂದ ಧೂಳಿಗೆ ಯಾವ ಸಿಸ್ ಬರುತ್ತೆ ಡಾಕ್ಟ್ರೇ? 2018ಕ್ಕಿಂತ ಮೊದಲು ಬೈಕಿನಲ್ಲಿ ಆಫೀಸಿಗೆ ಹೋಗಿ ಬಂದರೆ ಕರವಸ್ತ್ರ ಎರೆಮಣ್ಣಿನ ಬಣ್ಣ ಆಗಿರುತ್ತಿತ್ತು.

ಧಾರವಾಡ_ಪೇಡೆ

ಈಗೇನು ಕಡಿಮೆ ಆಗಿದೆಯಾ? ಹುಬ್ಬಳ್ಳಿ ಕಡೆ ಧೂಳು ನಮ್ಮ ಕಡೆ ಕಳಿಸ್ತಾ ಇದ್ದೀರಿ.

ಚಿಗರಿ_ಬಸ್

ನಿಮ್ಮ ಧಾರವಾಡದವರಿಗೆ ಮಳೆ ಬಂದರೂ ಹುಬ್ಬಳ್ಳಿಯದ್ದೇ ತಪ್ಪು.

ನಿರ್ವಾಹಕ

ಹುಬ್ಬಳ್ಳಿ ವರ್ಸಸ್ ಧಾರವಾಡಕ್ಕೆ ಬೇರೆ ಎಳೆ ಇದೆ, ಅದು ಎಂದೂ ಮುಗಿದಿಲ್ಲ. ಇಲ್ಲಿ ದಮ್ಮಿನ ಮಾತಿಗೆ ಬನ್ನಿ.

ಗದಗಿನ_ಗಾಳಿ

ನನ್ನ ಎರಡನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಬಾವಿನ ಗುಳಿಗೆ?

ಔಷಧಿ_ಅಂಗಡಿ_ಹಾವೇರಿ

ಅದನ್ನು ನಾನು ಹೇಳ್ತೀನಿ, ದಿನಾ ಕೌಂಟರ್‌ನಲ್ಲಿ ಕೇಳ್ತಾರೆ. ಬ್ರೂಫೆನ್, ಡೈಕ್ಲೋಫಿನ್ಯಾಕ್ ಥರದವು ಪ್ರೊಸ್ಟಾಗ್ಲಾಂಡಿನ್ ಅನ್ನೋ ಒಂದು ದಾರಿಯನ್ನು ಕಟ್ಟುತ್ತವೆ. ಮೊಣಕಾಲಿನ ನೋವು ಆ ದಾರಿಯಲ್ಲಿ ಬರುತ್ತದೆ. ಶ್ವಾಸಕೋಶದ ಈ ಉರಿಯೂತ ಆ ದಾರಿಯಲ್ಲಿ ನಡೆಯೋದಿಲ್ಲ. ಉಪಯೋಗ ಇಲ್ಲ. ಮೇಲಾಗಿ ವಯಸ್ಸಾದವರಿಗೆ ಹೊಟ್ಟೆ, ಕಿಡ್ನಿ, ಹೃದಯಕ್ಕೆ ತೊಂದರೆ. ಅಸ್ತಮಾ ಇದ್ದ ಕೆಲವರಿಗೆ ಅದೇ ಗುಳಿಗೆಯಿಂದ ಉಬ್ಬಸ ಜೋರಾಗುತ್ತದೆ.

ಕಪ್ಪತಗುಡ್ಡ_ಪ್ರೇಮಿ

ಸ್ಟೆರಾಯ್ಡ್ ಇದೆಯಲ್ಲ? ಎಲ್ಲ ಉರಿಯೂತಕ್ಕೂ ರಾಮಬಾಣ ಅಂತ ನಿಮ್ಮ ಅಲೋಪತಿಯವರೇ ಹೇಳ್ತಾರೆ. ಮತ್ತೆ ಅದು ಇಲ್ಲಿ ಯಾಕೆ ಪೂರ್ತಿ ಗುಣ ಮಾಡಲ್ಲ?

ವಾರ್ಡಿನಲ್ಲೇ_ವಾಸ

ನೀವು ಚುಚ್ಚಲು ಕೇಳಿದ್ದೀರಿ, ಆದರೆ ಸರಿಯಾದ ಜಾಗಕ್ಕೇ ಚುಚ್ಚಿದ್ದೀರಿ.

ಅಸ್ತಮಾದಲ್ಲಿ ಹೆಚ್ಚಾಗಿ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣಗಳ ಗಲಾಟೆ. ಅವು ಸ್ಟೆರಾಯ್ಡ್‌ಗೆ ಬೇಗ ಬಗ್ಗುತ್ತವೆ. ಸಿಒಪಿಡಿಯಲ್ಲಿ ಹೆಚ್ಚಿನವರಲ್ಲಿ ನ್ಯೂಟ್ರೋಫಿಲ್ ಗಲಾಟೆ, ಅವು ಬಗ್ಗಲ್ಲ. ಇನ್ನೂ ಒಳಗೆ ಹೋದರೆ, ಉರಿಯೂತದ ಜೀನ್‌ಗಳನ್ನು ಬಂದ್ ಮಾಡಲು ಸ್ಟೆರಾಯ್ಡ್‌ಗೆ ಎಚ್‌ಡ್ಯಾಕ್ 2 ಅನ್ನೋ ಕಿಣ್ವದ ಸಹಾಯ ಬೇಕು. ಹೊಗೆಯಲ್ಲಿರುವ ಉತ್ಕರ್ಷಕ (ಆಕ್ಸಿಡಂಟ್) ಅಂಶಗಳು ಆ ಕಿಣ್ವವನ್ನೇ ಕಡಿಮೆ ಮಾಡಿರುತ್ತವೆ. ಔಷಧಿ ಬರುತ್ತದೆ, ಕೈಜೋಡಿಸುವವರೇ ಇರಲ್ಲ.

ಒಂದೇ ಸಂದೇಶ ತಡೆದರೆ ಸಾಕಲ್ಲವೇ ಅಂತಲೂ ನೋಡಿದ್ದಾರೆ. ಸಂಧಿವಾತದಲ್ಲಿ ಚೆನ್ನಾಗಿ ಕೆಲಸ ಮಾಡುವ ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್ ಟಿಎನ್‌ಎಫ್ ಅನ್ನೋ ಸಂದೇಶವನ್ನು ತಡೆಯುತ್ತದೆ. ಸಿಒಪಿಡಿಯವರಿಗೆ ಕೊಟ್ಟು ನೋಡಿದರು, 2007ರಲ್ಲಿ ಫಲಿತಾಂಶ ಬಂತು. ಪ್ರಯೋಜನ ಆಗಲಿಲ್ಲ. ಒಂದು ದಾರಿ ಕಟ್ಟಿದರೆ ಉರಿಯೂತ ಇನ್ನೊಂದರಲ್ಲಿ ಬರುತ್ತದೆ.

ಹಾಗಂತ ಸ್ಟೆರಾಯ್ಡ್ ಪಂಪ್ ಯಾರಿಗೂ ಬೇಡ ಅಂತಲ್ಲ. ಮಾಮೂಲಿ ಸಿಬಿಸಿ ರಕ್ತಪರೀಕ್ಷೆಯಲ್ಲೇ ಇಯೋಸಿನೋಫಿಲ್ ಲೆಕ್ಕ ಇರುತ್ತದೆ. ಮೈಕ್ರೋಲೀಟರ್‌ಗೆ 300 ಅಥವಾ ಜಾಸ್ತಿ ಇದ್ದು, ಪದೇ ಪದೇ ದಮ್ಮು ಉಲ್ಬಣಿಸುತ್ತಿದ್ದರೆ ಸ್ಟೆರಾಯ್ಡ್ ಪಂಪ್ ಸೇರಿಸಿದರೆ ಲಾಭ. 100ಕ್ಕಿಂತ ಕಡಿಮೆ ಇದ್ದರೆ ಲಾಭ ಕಡಿಮೆ, ನ್ಯುಮೋನಿಯಾ ಅಪಾಯ ಜಾಸ್ತಿ. ಅಂಥವರಿಗೆ ನಾಳ ಅಗಲ ಮಾಡುವ ಪಂಪ್‌ಗಳೇ ಮುಖ್ಯ. ಟಿಯೋಟ್ರೋಪಿಯಂ, ಫಾರ್ಮೋಟೆರಾಲ್, ಗ್ಲೈಕೋಪಿರೋನಿಯಂ ಇತ್ಯಾದಿ. @ಗದಗಿನ_ಗಾಳಿ ನಿಮ್ಮ ತಂದೆಯ ಸಿಬಿಸಿ ರಿಪೋರ್ಟ್ ಮನೆಯಲ್ಲಿ ಇದ್ದೇ ಇರುತ್ತದೆ, ತೆಗೆದು ನೋಡಿ. ಮುಂದಿನ ಸಲ ಡಾಕ್ಟರಿಗೆ ಆ ಸಂಖ್ಯೆಯನ್ನೇ ತೋರಿಸಿ ಕೇಳಿ.

ಗದಗಿನ_ಗಾಳಿ

ರಿಪೋರ್ಟ್‌ನಲ್ಲಿ 5% ಅಂತ ಇದೆ, ಒಟ್ಟು ಬಿಳಿಕಣ 8,200.

ವಾರ್ಡಿನಲ್ಲೇ_ವಾಸ

8,200ರಲ್ಲಿ 5% ಅಂದರೆ 410 ಆಯ್ತು. ಹಾಗಾದರೆ ಸ್ಟೆರಾಯ್ಡ್ ಇರುವ ಪಂಪ್ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಮಾತಾಡುವುದು ಸರಿ. ಹೊಟ್ಟೆಹುಳು ಇದ್ದರೂ ಈ ಸಂಖ್ಯೆ ಏರುತ್ತದೆ, ಅದನ್ನೂ ನೆನಪಿಸಿ. ನಾನು ರೋಗಿಯನ್ನು ನೋಡಿಲ್ಲ, ಇಲ್ಲಿ ಚೀಟಿ ಬರೆಯಲ್ಲ.

ಕೊಡಿಒಲೆ

ಹೊಸ ಇಂಜೆಕ್ಷನ್ ಏನೋ ಬಂದಿದೆ ಅಂತ ಓದಿದ್ದೆ?

ವಾರ್ಡಿನಲ್ಲೇ_ವಾಸ

ಡುಪಿಲುಮ್ಯಾಬ್. 2024ರಲ್ಲಿ ಅಮೆರಿಕದಲ್ಲಿ ಸಿಒಪಿಡಿಗೆ ಒಪ್ಪಿಗೆ ಸಿಕ್ಕಿತು. ಅದೂ ಇಯೋಸಿನೋಫಿಲ್ ಜಾಸ್ತಿ ಇರುವವರಿಗೆ ಮಾತ್ರ, ಪಂಪ್‌ಗಳ ಜೊತೆಗೆ. ರೋಫ್ಲುಮಿಲಾಸ್ಟ್ ಅನ್ನೋ ಗುಳಿಗೆ ಅಲ್ಲಿ 2011ರಿಂದಲೂ ಇದೆ. ಉರಿಯೂತವನ್ನು ಬೇರೆ ದಾರಿಯಲ್ಲಿ ತಗ್ಗಿಸುತ್ತದೆ, ಕಫ ಜಾಸ್ತಿ ಇರುವ, ಪದೇ ಪದೇ ಉಲ್ಬಣ ಆಗುವವರಿಗೆ ಕೊಡುತ್ತೇವೆ. ಕೆಲವರಿಗೆ ಭೇದಿ ಆಗಿ ಅರ್ಧಕ್ಕೇ ಬಿಡುತ್ತಾರೆ.

ರಾಣೆಬೆನ್ನೂರಕ್ಕ

ನಮ್ಮ ಭಾವನವರು ಮಿರಗದ ದಿನ ಹೈದರಾಬಾದಿಗೆ ಹೋಗಿ ದಮ್ಮಿಗೆ ಔಷಧಿ ಅಂತ ಜೀವಂತ ಮೀನು ನುಂಗಿ ಬರುತ್ತಿದ್ದರು. ಬಂದಮೇಲೆ ಮಳೆಗಾಲ ಪೂರ್ತಿ ಕೆಮ್ಮುತ್ತಿದ್ದರು. ಮುಂದಿನ ವರ್ಷ ಮತ್ತೆ ಹೋಗುತ್ತಿದ್ದರು.

ಧಾರವಾಡ_ಪೇಡೆ

😂 ಮೀನಿನ ಗತಿ ಏನಾಯ್ತೋ.

ಔಷಧಿ_ಅಂಗಡಿ_ಹಾವೇರಿ

ಮೀನು ಬಿಡಿ, ನನಗೆ ಹೆದರಿಕೆ ಪುಡಿ ಪೊಟ್ಟಣದ್ದು. ಹಳ್ಳಿಗಳಲ್ಲಿ ಹೆಸರಿಲ್ಲದ "ದಮ್ಮಿನ ಪುಡಿ" ಕೊಡೋರಿದ್ದಾರೆ. ತಿಂದರೆ ಎರಡು ದಿನದಲ್ಲಿ ಉಸಿರು ಹಗುರ, ಹಸಿವೆ ಜೋರು, ಮುಖ ತುಂಬಿಕೊಂಡು ಕಳೆ ಬಂದಂತೆ ಕಾಣುತ್ತದೆ. ಆ ಗುಣ ನೋಡಿದರೆ ನನಗೆ ಸ್ಟೆರಾಯ್ಡ್ ಬಿಟ್ಟು ಬೇರೇನೂ ಹೊಳೆಯಲ್ಲ. ತಿಂಗಳುಗಟ್ಟಲೆ ತಿಂದವರು ಆಮೇಲೆ ಶುಗರ್ ಏರಿಸಿಕೊಂಡು, ಎಲುಬು ಸವೆಸಿಕೊಂಡು ನನ್ನ ಅಂಗಡಿಗೇ ಬರುತ್ತಾರೆ. ತಟ್ಟನೆ ನಿಲ್ಲಿಸಿದರೂ ಅಪಾಯ.

ವಾರ್ಡಿನಲ್ಲೇ_ವಾಸ

ಇದನ್ನು ನಾನೂ ವಾರ್ಡಿನಲ್ಲಿ ನೋಡ್ತೀನಿ. ಸ್ಟೆರಾಯ್ಡ್ ಗುಳಿಗೆಗೆ ಅದರದ್ದೇ ಜಾಗ ಇದೆ. ದಮ್ಮು ಉಲ್ಬಣಿಸಿದಾಗ ಸಾಮಾನ್ಯವಾಗಿ ಐದು ದಿನ. 2013ರಲ್ಲಿ ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಐದು ದಿನ ಮತ್ತು ಹದಿನಾಲ್ಕು ದಿನ ಎರಡನ್ನೂ ಹೋಲಿಸಿ ನೋಡಿದರು. ಐದೇ ದಿನ ಸಾಕಾಯಿತು.

ಉಲ್ಬಣ ಅನ್ನೋದನ್ನು ಹಗುರವಾಗಿ ತಗೋಬೇಡಿ. ಶೀತ, ಜ್ವರ, ಧೂಳು, ಏನೋ ಒಂದು ನೆಪ ಸಿಕ್ಕಿ ಉರಿಯೂತ ಒಮ್ಮೆಲೇ ಏಳುತ್ತದೆ. ಕಫ ಜಾಸ್ತಿ ಆಗುತ್ತದೆ, ಬಿಳಿ ಇದ್ದದ್ದು ಹಳದಿ-ಹಸಿರು ಆಗುತ್ತದೆ. ಪ್ರತಿ ಸಲ ಎದ್ದು ಇಳಿದಾಗ ಶ್ವಾಸಕೋಶ ಸ್ವಲ್ಪ ಸ್ವಲ್ಪ ಕಳೆದುಕೊಂಡೇ ಇಳಿಯುತ್ತದೆ. ಅದಕ್ಕೇ ಫ್ಲೂ ಲಸಿಕೆ, ನ್ಯುಮೋಕಾಕಲ್ ಲಸಿಕೆ ಹಾಕಿಸಿ ಅಂತ ಬಾಯಿ ಬಡಕೊಳ್ಳೋದು.

ಕೊಡಿಒಲೆ

ಅತ್ತೆ ತೊಡೆ, ತೋಳು ಎಲ್ಲ ಕರಗಿಹೋಗಿದೆ. ಬಳೆ ಮೊಣಕೈವರೆಗೆ ಜಾರುತ್ತದೆ. ಊಟ ಸರಿಯಾಗಿ ಮಾಡಲ್ಲ ಅಂತ ನಾವು ಬೈಯುತ್ತಿದ್ದೆವು. ಇದೂ ಅದೇ ಕಾಯಿಲೆಯಾ?

ವಾರ್ಡಿನಲ್ಲೇ_ವಾಸ

ಬಹುತೇಕ ಅದೇ. ಉರಿಯೂತ ಶ್ವಾಸಕೋಶದ ಒಳಗೇ ಕೂರಲ್ಲ, ರಕ್ತಕ್ಕೂ ಸೋರುತ್ತದೆ. ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಏರಿರುತ್ತದೆ. ಸ್ನಾಯು ಕರಗುತ್ತದೆ, ಎಲುಬು ಸವೆಯುತ್ತದೆ, ಹೃದಯದ ಕಾಯಿಲೆ ಬರುವ ಸಾಧ್ಯತೆ ಹೆಚ್ಚುತ್ತದೆ. ಉಸಿರಾಟಕ್ಕೇ ಅಷ್ಟು ಶಕ್ತಿ ಖರ್ಚಾಗುತ್ತದೆ. ಹೊಟ್ಟೆ ತುಂಬ ಉಂಡರೆ ವಪೆ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಮೇಲೆ ಒತ್ತಡ ಬಿದ್ದು ದಮ್ಮು ಜಾಸ್ತಿ ಆಗುತ್ತದೆ, ಹಾಗಾಗಿ ಊಟ ಬೇಡ ಅಂತಾರೆ. ಸ್ವಲ್ಪ ಸ್ವಲ್ಪ ಹಲವು ಸಲ ಕೊಡಿ. ಮೊಟ್ಟೆ ತಿನ್ನೋದಾದರೆ ಮೊಟ್ಟೆ, ಇಲ್ಲವಾದರೆ ಶೇಂಗಾ ಚಟ್ನಿ, ಮೊಸರು, ಕಾಳುಪಲ್ಯ. ಮೆಲ್ಲಗೆ ನಡೆಸಿ. ದಮ್ಮು ಬರುತ್ತೆ ಅಂತ ಕೂರಿಸಿದರೆ ಕಾಲು ಇನ್ನೂ ಸೋಲುತ್ತವೆ.

ಮತ್ತೆ ಅವರ ಮುಂದೆ ಇನ್ನೂ ಒಲೆ ಉರೀತಿದೆಯಾ?

ಕೊಡಿಒಲೆ

ಅಡುಗೆಗೆ ಗ್ಯಾಸ್. ನೀರು ಕಾಯಿಸಲು ಬಚ್ಚಲದ ಒಲೆ ಇದೆ. ಅದನ್ನು ಅತ್ತೆಯೇ ಹಚ್ಚುತ್ತಾರೆ, ಬೇಡ ಅಂದರೆ ಕೇಳಲ್ಲ. ಸಿಲಿಂಡರ್ ನೀರು ಕಾಯಿಸಲು ಖರ್ಚು ಮಾಡೋದಾ ಅಂತಾರೆ.

ರಾಣೆಬೆನ್ನೂರಕ್ಕ

ಬಚ್ಚಲದ ಒಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯೋದೇ ಇಲ್ಲ ನೋಡಿ. 2016ರಲ್ಲಿ ಉಜ್ವಲ ಯೋಜನೆ ಬಂದಮೇಲೆ ನಮ್ಮ ಓಣಿಯಲ್ಲಿ ಸಿಲಿಂಡರ್ ಇಲ್ಲದ ಮನೆ ಇಲ್ಲ. ಮುಂಜಾನೆ ಓಣಿ ತುಂಬ ಹೊಗೆ ಇಲ್ಲದ ದಿನವೂ ಇಲ್ಲ.

ಜಿನ್ನಿಂಗ್_ಮಾಸ್ತರ

ಕೊಳವೆ ಹಾಕಿಸಿ ಹೊಗೆ ಮಾಳಿಗೆ ಮೇಲೆ ಬಿಡಿ ತಂಗಿ. ಗೌಂಡಿ ಒಂದು ದಿನದಲ್ಲಿ ಮಾಡ್ತಾನೆ. ಕಟ್ಟಿಗೆ ಹೊರಗೆ ಒದ್ದೆ ಆಗದ ಹಾಗೆ ಇಡಿ, ಹಸಿ ಕಟ್ಟಿಗೆಯೇ ಅರ್ಧ ಹೊಗೆ.

ಕಪ್ಪತಗುಡ್ಡ_ಪ್ರೇಮಿ

ಒಂದು ಸಂಶಯ. ನಮ್ಮ ಪಕ್ಕದ ಮನೆ ಯಜ್ಜ ತೊಂಬತ್ತರ ಹತ್ತಿರ. ಇವತ್ತಿಗೂ ಬೀಡಿ ಸೇದುತ್ತಾ ಗುಡ್ಡ ಹತ್ತುತ್ತಾರೆ. ಅವರಿಗೆ ಯಾಕೆ ಉರಿಯೂತ ಇಲ್ಲ?

ಧಾರವಾಡ_ಪೇಡೆ

ಎಲ್ಲ ಊರಲ್ಲೂ ಇಂಥ ಒಬ್ಬ ಯಜ್ಜ ಇರ್ತಾರೆ. ಅವರ ಜೊತೆ ಸೇದಿದವರು ಎಲ್ಲಿದ್ದಾರೆ ಅಂತ ಅವರನ್ನೇ ಕೇಳಿ.

ವಾರ್ಡಿನಲ್ಲೇ_ವಾಸ

😀 ಪೇಡೆಯವರು ಮೊದಲ ಸಲ ನನ್ನ ಕಡೆ ಮಾತಾಡಿದರು.

ಸೇದುವ ಎಲ್ಲರಿಗೂ ಬರಲ್ಲ, ನಿಜ. ಹೊಗೆಗೆ ಉರಿಯೂತ ಎಲ್ಲರಲ್ಲೂ ಏಳುತ್ತದೆ. ಕೆಲವರಲ್ಲಿ ಮಿತಿಯಲ್ಲಿರುತ್ತದೆ, ಕೆಲವರಲ್ಲಿ ಮಿತಿ ಮೀರುತ್ತದೆ. ನಮ್ಮ ದೇಹದಲ್ಲಿ ಎಲಾಸ್ಟೇಸ್ ಕಿಣ್ವವನ್ನು ಹಿಡಿದು ನಿಲ್ಲಿಸುವ ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನೋ ಪ್ರೋಟೀನ್ ಇದೆ. ಲಿವರ್‌ನಲ್ಲಿ ತಯಾರಾಗುತ್ತದೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಅದು ಹುಟ್ಟಿನಿಂದಲೇ ಕಡಿಮೆ ಇರುವವರನ್ನು ಗುರುತಿಸಿದರು. ಅಂಥವರಲ್ಲಿ ಚಿಕ್ಕ ವಯಸ್ಸಿಗೇ ಶ್ವಾಸಕೋಶ ಹಾಳಾಗಿತ್ತು. ಕಿಣ್ವ ಕತ್ತರಿಸುತ್ತದೆ, ತಡೆಯುವವರು ಬೇಕು ಅನ್ನೋ ಇಡೀ ವಿಚಾರ ಬೆಳೆದದ್ದೇ ಅಲ್ಲಿಂದ. ಹೊಗೆ ಈ ಪ್ರೋಟೀನನ್ನೂ ಕೆಡಿಸುತ್ತದೆ. ಕತ್ತರಿಸುವುದನ್ನು ಹೆಚ್ಚು ಮಾಡಿ, ತಡೆಯುವುದನ್ನು ಕಡಿಮೆ ಮಾಡುತ್ತದೆ.

ಗದಗಿನ_ಗಾಳಿ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. "ಬಿಟ್ಟದ್ದಕ್ಕೆ ಬಚ್ಚಲದವರೆಗೆ ನಡೀತೀರಿ" ಅಂದಿದ್ದೊಂದು ಅವರಿಗೆ ಹಿಡಿಸಿತು. ಪಂಪ್ ತಗೊಂಡರು. ಆದರೆ ಒತ್ತಿದ ತಕ್ಷಣ ಅರ್ಧ ಔಷಧಿ ಬಾಯಿಂದ ಹೊರಗೇ ಬರುತ್ತದೆ.

ಔಷಧಿ_ಅಂಗಡಿ_ಹಾವೇರಿ

ಸ್ಪೇಸರ್ ತಗೊಳ್ಳಿ. ಪ್ಲಾಸ್ಟಿಕ್ ಕೊಳವೆ, ಒಮ್ಮೆ ತಗೊಂಡರೆ ಬಹಳ ದಿನ ಬಾಳುತ್ತದೆ. ಪಂಪ್ ಅಲ್ಲಾಡಿಸಿ ಅದಕ್ಕೆ ಸೇರಿಸಿ. ಅಪ್ಪ ಮೊದಲು ಉಸಿರು ಪೂರ್ತಿ ಹೊರಗೆ ಬಿಡಲಿ. ಆಮೇಲೆ ಒಮ್ಮೆ ಒತ್ತಿ, ನಿಧಾನವಾಗಿ ಒಳಗೆ ಎಳೆದುಕೊಳ್ಳಲಿ, ಹತ್ತು ಎಣಿಸೋವರೆಗೆ ಹಿಡಿಯಲಿ. ಆಗದಿದ್ದರೆ ಆದಷ್ಟು. ಸ್ಟೆರಾಯ್ಡ್ ಪಂಪ್ ಆದರೆ ಕಡೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ (ಬೂಸ್ಟಿನ ಸೋಂಕು) ಏಳುತ್ತದೆ.

ಧಾರವಾಡ_ಪೇಡೆ

ಆ ಸ್ಪೇಸರ್ ಎಷ್ಟಾಗುತ್ತೆ? ಕಾಕಾಗೆ ಕೇಳ್ತಿದ್ದೀನಿ.

ಔಷಧಿ_ಅಂಗಡಿ_ಹಾವೇರಿ

ಮಾರೋರ ಮಾತು ಕೇಳಲ್ಲ ಅಂದಿದ್ರಲ್ಲ 😀 ಮೆಸೇಜ್ ಮಾಡಿ, ಧಾರವಾಡದಲ್ಲಿ ಎಲ್ಲಿ ಸಿಗುತ್ತೆ ಅಂತ ಹೇಳ್ತೀನಿ. ಕಾಕಾನ ಊದುವ ಟೆಸ್ಟ್ ಆಗಿದೆಯಾ, ಅದನ್ನು ಮೊದಲು ಹೇಳಿ.